ಉದ್ದ ತೋಳಿನ ಕೋಟು

ಮೇಜಿನ ಕೆಳಗಿನಿಂದ ಚಿಕ್ಕಿಯ ಪಾದಗಳೆರಡೇ ಹೊರಗೆ ಕಾಣುತ್ತಿದ್ದವು. ಉಳಿದ ಚಿಕ್ಕಿ ಒಳಗೆ, ಧೂಳಿನ ನಡುವೆ, ಪ್ರಿಂಟರಿನ ಕೇಬಲ್ ಯಾವುದು ದೀಪದ ವೈರ್ ಯಾವುದು ಎಂದು ತಡಕಾಡುತ್ತಿದ್ದಳು.

"ಸಿಕ್ತಾ?" ಎಂದರು ಭಾವ, ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಲೇ.

"ಏನೋ ಒಂದು ಸಿಕ್ಕಿದೆ. ಏನು ಅಂತ ಎಳೆದು ನೋಡ್ತೀನಿ."

ಎಳೆದಳು. ಭಾವನ ಪಕ್ಕದ ಟೇಬಲ್ ಫ್ಯಾನ್ ನಿಂತಿತು. ಭಾವ ಪೇಪರಿನಿಂದಲೇ ಗಾಳಿ ಹಾಕಿಕೊಳ್ಳತೊಡಗಿದರು.

ಅಕ್ಕನ ತಂಗಿಯಾದ ಅವಳನ್ನು ಆ ಮನೆಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಚಿಕ್ಕಿ ಎಂದೇ ಕರೆಯುತ್ತಿದ್ದರು. ಹೊರಗಿನವರಿಗೆ ಅವಳು ಪತ್ತೇದಾರಿಣಿ. ವಿಮಾ ಕಂಪನಿಯೊಂದರಲ್ಲಿ ಬಹಳ ವರ್ಷ, ಸುಟ್ಟುಹೋದ ಗೋದಾಮುಗಳು ತಾವಾಗಿಯೇ ಸುಟ್ಟವೋ ಯಾರಾದರೂ ಸುಟ್ಟರೋ ಎಂದು ಮೂಸಿ ನೋಡುವ ಕೆಲಸ ಮಾಡಿ, ಆಮೇಲೆ ತನ್ನದೇ ಒಂದು ಕಚೇರಿ ತೆರೆದಿದ್ದಳು. ಎಂಥೆಂಥ ಘಾಟಿಗಳ ಬಾಯಿ ಬಿಡಿಸಿದ್ದವಳಿಗೆ ಈ ಸಲದ ಕೆಲಸ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಂತಾಗಿತ್ತು. ದೂರು ಕೊಟ್ಟವಳು ಸ್ವಂತ ಅಕ್ಕ. ಸಂದೇಹ ಪಡಬೇಕಾದವರು ಅಕ್ಕನ ಮನೆಯವರೇ.

ಅಕ್ಕ ಮಕ್ಕಳ ಉಡುಪಿಗೆ ಪ್ಯಾಟರ್ನ್ ಬರೆಯುವವಳು. ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಆಕಾರಗಳವು. ಕತ್ತು, ತೋಳು, ಬೆನ್ನು, ಜೇಬು ಎಲ್ಲ ಬೇರೆ ಬೇರೆ. ಅವಳು ಬರೆದದ್ದನ್ನು ಒಂದು ಉಡುಪಿನ ಕಂಪನಿ ಕೊಂಡು ಹೊಲಿಸುತ್ತಿತ್ತು. ಈ ವರ್ಷ ಅವಳ ಎರಡು ಹೊಸ ಮಾದರಿಗಳು, ಕಂಪನಿಯ ಕೈ ಸೇರುವ ಮೊದಲೇ, ದೊಡ್ಡ ರಸ್ತೆಯ ಗಾಜಿನಂಗಡಿಯಲ್ಲಿ ಗೊಂಬೆಯ ಮೈಮೇಲೆ ನಗುತ್ತ ನಿಂತಿದ್ದವು. ಅದೇ ಅರ್ಧಚಂದ್ರದ ಜೇಬು, ಅದೇ ಓರೆ ಗುಂಡಿಸಾಲು. ಮುಂದಿನ ವಾರ ಕಂಪನಿಯವರು ಮಳೆಕೋಟುಗಳನ್ನು ನೋಡಲು ಬರುವವರಿದ್ದರು. ಮೂರನೆಯದೂ ಹೀಗೆ ಬೀದಿಪಾಲಾದರೆ ತಾವು ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅವರು ಮುಖದ ಮೇಲೆ ಹೊಡೆದಂತೆ ಹೇಳಿದ್ದರು.

ಅದಕ್ಕಿಂತ ಕೆಟ್ಟದ್ದು ಮನೆಯೊಳಗೆ ನಡೆದಿತ್ತು. ಅಕ್ಕ ತನ್ನ ಹೊಲಿಗೆ ಕೋಣೆಗೆ ಬೀಗ ಹಾಕಿದ್ದಳು. ಯಾರ ಮೇಲೆ ಅನುಮಾನ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಮನೆಗೆ ಹೊಸದಾಗಿ ಬಂದವಳು ಸೊಸೆಯೊಬ್ಬಳೇ. ಬೀಗ ನೋಡಿದ ದಿನದಿಂದ ಸೊಸೆಯ ಮಾತು ಅಡುಗೆಗೆ ಹಾಕುವ ಉಪ್ಪಿನಷ್ಟಾಗಿತ್ತು. ಅವಳ ಗಂಡ ಹಡಗಿನ ಕೆಲಸದ ಮೇಲೆ ಸಮುದ್ರದಲ್ಲಿದ್ದ. ಮನಸ್ಸಿನ ಭಾರ ಇಳಿಸಿಕೊಳ್ಳಲು ಅವಳಿಗೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕಳ್ಳತನದ ದಾರಿ ಮೊದಲ ದಿನವೇ ಚಿಕ್ಕಿಯ ಕಣ್ಣಿಗೆ ಬಿದ್ದಿತ್ತು. ಮನೆಗೆಲ್ಲ ಇದ್ದದ್ದು ಒಂದೇ ಪ್ರಿಂಟರ್. ಅದು ಹಜಾರದ ಹಳೆಯ ಕಂಪ್ಯೂಟರಿಗೆ ತಗುಲಿಕೊಂಡಿತ್ತು. ಅಕ್ಕನ ಪ್ಯಾಟರ್ನುಗಳೂ ಅದೇ ಕಂಪ್ಯೂಟರಿನಲ್ಲಿ. ಭಾವ, ಸೊಸೆ, ಮಹಡಿಯಲ್ಲಿ ಬಾಡಿಗೆಗಿದ್ದ ಹಲ್ಲಿನ ಡಾಕ್ಟರಮ್ಮ, ಯಾರಿಗೆ ಏನು ಪ್ರಿಂಟ್ ಬೇಕಾದರೂ ಪೆನ್‌ಡ್ರೈವ್ ಹಿಡಿದು ಬಂದು ಅದಕ್ಕೇ ಚುಚ್ಚುತ್ತಿದ್ದರು. ಚುಚ್ಚಿದವರು ಕೊಟ್ಟು ಹೋದರೋ ತೆಗೆದುಕೊಂಡು ಹೋದರೋ ನೋಡಿದವರಿಲ್ಲ.

"ಇನ್ನು ಮೇಲೆ ಆ ತಾಪತ್ರಯ ಬೇಡ," ಎಂದು ಚಿಕ್ಕಿ ಬೆಳಗಿನ ತಿಂಡಿಯ ಹೊತ್ತಿಗೆ ಘೋಷಿಸಿದ್ದಳು. "ಈ ಕಂಪ್ಯೂಟರನ್ನೇ ಪ್ರಿಂಟ್ ಸರ್ವರ್ ಮಾಡ್ತೀನಿ. ನೀವು ನಿಮ್ಮ ನಿಮ್ಮ ಕೋಣೆಯಲ್ಲೇ ಕೂತು ಕಳಿಸಿ. ಇದು ಎಲ್ಲರದನ್ನೂ ಸಾಲಾಗಿ ನಿಲ್ಲಿಸಿ ಒಂದೊಂದಾಗಿ ಪ್ರಿಂಟರಿಗೆ ಕೊಡುತ್ತೆ."

ಅದು ನಿಜವೇ. ಪೂರ್ತಿ ನಿಜವಲ್ಲ, ಅಷ್ಟೆ.

ಕೇಬಲ್ ಕೊನೆಗೂ ಸಿಕ್ಕಿತು. ಫ್ಯಾನಿಗೆ ಜೀವ ಬಂತು. ಚಿಕ್ಕಿ ಜೇಡರಬಲೆ ಮುಡಿದುಕೊಂಡು ಮೇಲೆದ್ದು ಕಂಪ್ಯೂಟರಿನ ಮುಂದೆ ಕೂತಳು. ಮೊದಲು ಪ್ರಿಂಟರನ್ನು ಹಂಚಿಕೆಗೆ ಬಿಟ್ಟು ಅದಕ್ಕೊಂದು ಹೆಸರಿಟ್ಟಳು, "ಹಜಾರ". ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ, ಬೇರೆ ಬೇರೆ ಪಾಸ್‌ವರ್ಡ್ ಮಾಡಿಕೊಟ್ಟಳು. ತನಗೂ ಒಂದು ಮಾಡಿಕೊಂಡಳು. ವೈಫೈ ಪೆಟ್ಟಿಗೆ ದಿನಕ್ಕೊಂದು ವಿಳಾಸ ಕೊಟ್ಟು ಆಟ ಆಡಿಸಬಾರದೆಂದು ಕಂಪ್ಯೂಟರಿಗೆ ಖಾಯಂ ವಿಳಾಸ ಗೊತ್ತುಮಾಡಿದಳು.

ಆಮೇಲೆ ಶುರುವಾಯಿತು ನಿಜವಾದ ಪಾಡು. ಸೊಸೆಯ ಲ್ಯಾಪ್‌ಟಾಪ್ ಆ ಹಳೆಯ ಪ್ರಿಂಟರನ್ನು ತನ್ನ ಜನ್ಮದಲ್ಲೇ ಕಂಡಿಲ್ಲ ಎಂದಿತು. ಅದಕ್ಕೆ ಬೇಕಾದ ಡ್ರೈವರ್ ಎಂಬ ತಂತ್ರಾಂಶ ಹುಡುಕಿ ತುಂಬಿಸುವಷ್ಟರಲ್ಲಿ ಕಾಫಿ ಆರಿ ತಣ್ಣಗಾಯಿತು. ಡಾಕ್ಟರಮ್ಮನ ಕಂಪ್ಯೂಟರಿನಿಂದ ಏನು ಕಳಿಸಿದರೂ ಹಜಾರದ ಫೈರ್‌ವಾಲ್ ಬಾಗಿಲಲ್ಲೇ ತಡೆಯುತ್ತಿತ್ತು. ಅದಕ್ಕೆ ಸಮಾಧಾನ ಹೇಳಿ ಒಳಗೆ ಬಿಡಿಸಿದ್ದಾಯಿತು. ಎಲ್ಲ ಸರಿಹೋಯಿತು ಎಂದು ಚಿಕ್ಕಿ ಮಹಡಿ ಇಳಿದು ಬರುವಷ್ಟರಲ್ಲಿ ಭಾವ ತಮ್ಮ ಕೋಣೆಯಿಂದ ಪ್ರಿಂಟ್ ಬರುತ್ತಿಲ್ಲ ಎಂದು ಕೂಗಿದರು. ನೋಡಿದರೆ, ಯಾರೂ ಮುಟ್ಟದ ಕಂಪ್ಯೂಟರ್ ಬೇಸರ ಬಂದು ನಿದ್ದೆ ಹೋಗಿತ್ತು. ಇನ್ನು ಮೇಲೆ ನಿದ್ದೆ ಮಾಡಕೂಡದೆಂದು ಅದಕ್ಕೆ ತಾಕೀತು ಮಾಡಿದ ಮೇಲೆ ಪರೀಕ್ಷೆಯ ಹಾಳೆ ಕರಕರ ಎನ್ನುತ್ತ ಹೊರಬಂತು. ನಾಲ್ಕು ಜನ ಹಾಳೆಯ ಸುತ್ತ ನಿಂತು, ಹುಟ್ಟಿದ ಮಗುವನ್ನು ನೋಡುವಂತೆ ನೋಡಿದರು. ಬಹಳ ದಿನಗಳ ಮೇಲೆ ಸೊಸೆಯೂ ಒಂದಿಷ್ಟು ನಕ್ಕಳು.

ಎಲ್ಲರೂ ಚದುರಿದ ಮೇಲೆ ಚಿಕ್ಕಿ ಕೊನೆಯ ಕೆಲಸ ಮಾಡಿದಳು. ಪ್ರಿಂಟ್ ಆಗಿ ಹೋದ ಮೇಲೂ ಪ್ರತಿಯೊಂದು ಕಡತದ ನಕಲನ್ನು ಅಳಿಸದೆ ಇಟ್ಟುಕೊಳ್ಳುವಂತೆ ಸರ್ವರಿಗೆ ಹೇಳುವ ಒಂದು ಪುಟ್ಟ ಚೌಕವಿತ್ತು. ಅದರಲ್ಲಿ ಗುರುತು ಹಾಕಿದಳು. ಯಾರು ಕಳಿಸಿದ್ದು, ಏನು ಕಳಿಸಿದ್ದು, ಎರಡೂ ಇನ್ನು ಅಲ್ಲೇ ಉಳಿಯುತ್ತಿದ್ದವು.

ಗಾಳ ಸಿದ್ಧವಾಯಿತು. ಎರೆಹುಳು ಬೇಕಿತ್ತು.

ಅಕ್ಕ ತನ್ನ ಅಸಲಿ ಪ್ಯಾಟರ್ನುಗಳನ್ನೆಲ್ಲ ಬೀಗದ ಕೋಣೆಯ ಲ್ಯಾಪ್‌ಟಾಪಿಗೆ ಸಾಗಿಸಿದಳು. ಹಜಾರದ ಕಂಪ್ಯೂಟರಿನಲ್ಲಿ, ಎಲ್ಲರಿಗೂ ಕಾಣುವ ಜಾಗದಲ್ಲಿ, ಮರೆತು ಬಿಟ್ಟಂತೆ ಒಂದು ಕಡತ ಉಳಿಸಿದರು: "ಮಳೆಕೋಟು, ಕೊನೆಯದು". ಅಕ್ಕತಂಗಿಯರು ಬಾಗಿಲು ಹಾಕಿಕೊಂಡು ಬರೆದ ಸುಳ್ಳು ಕೋಟು ಅದು. ಜೇಬು ಬೆನ್ನಿನ ಮೇಲೆ. ಎಡತೋಳು ಬಲತೋಳಿಗಿಂತ ಎರಡು ಬೆರಳು ಉದ್ದ. ಗಾಜಿನಂಗಡಿಯ ಗೊಂಬೆ ಇದನ್ನು ತೊಟ್ಟು ನಿಂತರೆ ಬೀದಿಯ ಮಕ್ಕಳೂ ಕಳ್ಳನನ್ನು ಹಿಡಿಯಬಹುದಿತ್ತು. ತಪ್ಪು ಗೆರೆ ಎಳೆಯುವಾಗ ಅಕ್ಕನಿಗಾದ ಸಂಕಟ ಅಷ್ಟಿಷ್ಟಲ್ಲ. ಕೈ ತಾನಾಗಿಯೇ ಸರಿ ಗೆರೆಗೆ ಹೋಗುತ್ತದೆ, ಏನು ಮಾಡಲಿ ಎಂದು ಗೊಣಗುತ್ತ, ತಂಗಿಯನ್ನು ಬೈಯುತ್ತ ಬರೆದು ಮುಗಿಸಿದಳು.

ಮರುದಿನ ಅಕ್ಕ ದಾರ ತರಲು ಪೇಟೆಗೆ ಹೋದಳು. ಚಿಕ್ಕಿ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಳು. ಕೈ ಬಟಾಣಿಯ ಮೇಲಿದ್ದರೂ ಕಿವಿ ಹಜಾರದಲ್ಲಿತ್ತು.

ಮೊದಲ ಸಲ ಪ್ರಿಂಟರ್ ಕರಕರ ಎಂದಾಗ ಅವಳು ಕಳ್ಳಹೆಜ್ಜೆಯಲ್ಲಿ ಹೋಗಿ ನೋಡಿದಳು. ಸೊಸೆಯ ಹೆಸರು. ಮೊದಲ ಸಾಲು ಓದಿ ಮೈ ಜುಮ್ಮೆಂದಿತು: "ಜೇಬುಗಳನ್ನು ಚೆನ್ನಾಗಿ ಪರೀಕ್ಷಿಸಿ." ಎರಡನೆಯ ಸಾಲು ಓದಿ ತಲೆ ಚಚ್ಚಿಕೊಂಡಳು: "ನಂತರ ಬಟ್ಟೆಗಳನ್ನು ಯಂತ್ರದೊಳಗೆ ಹಾಕಿ ಮುಚ್ಚಳ ಮುಚ್ಚಿ." ಸೊಸೆ ಮನೆಯಲ್ಲೇ ಕೂತು ಅನುವಾದ ಮಾಡುವವಳು, ಈ ವಾರ ಬಟ್ಟೆ ಒಗೆಯುವ ಯಂತ್ರದ ಸರದಿ. ಎರಡನೆಯ ಸಲ ಬಂದದ್ದು ಡಾಕ್ಟರಮ್ಮನದು, ಹಲ್ಲು ಕೀಳಿಸಿಕೊಂಡವರು ಬಿಸಿ ಏನನ್ನೂ ಕುಡಿಯಬಾರದೆಂಬ ಸೂಚನೆ.

ಮೂರನೆಯ ಸಲ ಪ್ರಿಂಟರ್ ಬಹಳ ಹೊತ್ತು ಓಡಿತು. ನಿಂತಿತು, ಮತ್ತೆ ಓಡಿತು. ಅಷ್ಟು ಹಾಳೆ ಬೇಕಾಗುವುದು ಪ್ಯಾಟರ್ನಿಗೆ ಮಾತ್ರ; ದೊಡ್ಡ ಆಕಾರ ಸಣ್ಣ ಹಾಳೆಗಳಲ್ಲಿ ತುಂಡುತುಂಡಾಗಿ ಬರುತ್ತದೆ, ಆಮೇಲೆ ಜೋಡಿಸಿ ಅಂಟಿಸಬೇಕು. ಚಿಕ್ಕಿ ಕೂತಲ್ಲಿಂದ ಏಳಲಿಲ್ಲ. ಎದ್ದರೆ ಕೆಲಸ ಕೆಡುತ್ತದೆ ಎಂದು ಗೊತ್ತಿತ್ತು. ಹಜಾರದಲ್ಲಿ ಯಾರೋ ಬಂದು ಹಾಳೆಗಳನ್ನು ಒಟ್ಟುಮಾಡಿಕೊಂಡು ಹೋದ ಸದ್ದಾಯಿತು. ಚಪ್ಪಲಿ ಎಳೆಯುವ ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಆದರೂ ನಂಬಲಾರದೆ ಸರ್ವರಿನ ಮುಂದೆ ಹೋಗಿ ನಿಂತಳು.

"ಮಳೆಕೋಟು, ಕೊನೆಯದು." ಕಳಿಸಿದವರು: ಭಾವ.

ಚಿಕ್ಕಿಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಅವಳ ಮದುವೆ ಮುರಿದು ಬಿದ್ದ ವರ್ಷ, ಒಂದು ಪ್ರಶ್ನೆಯನ್ನೂ ಕೇಳದೆ ಈ ಮನೆಯಲ್ಲಿ ಕೋಣೆ ಬಿಟ್ಟುಕೊಟ್ಟ ಮನುಷ್ಯ ಇದು. ಉಳಿದ ಬಟಾಣಿಯನ್ನೆಲ್ಲ ಸುಲಿದು ಮುಗಿಸಿ, ಆಮೇಲೆ ಹೋಗಿ ಭಾವನ ಬಾಗಿಲು ತಟ್ಟಿದಳು. ಒಳಗೆ ಕಾಗದ ಸರಸರ ಎಂದಿತು. ಸ್ವಲ್ಪ ತಡೆದು, ಬಾ ಎಂಬ ಉತ್ತರ ಬಂತು.

ಭಾವ ಕಿಟಕಿಯ ಬಳಿ, ಹೊರಗಿನ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಿದ್ದರು. ಹಾಸಿಗೆಯ ಮೇಲೆ ಹೊದಿಕೆ ಹರಡಿತ್ತು. ಚಿಕ್ಕಿ ಅದರ ಮೇಲೆಯೇ ಕೂತಳು. ಹಾಸಿಗೆ ಚರಪರ ಎಂದಿತು.

"ಹಾಸಿಗೆಗೆ ಹತ್ತಿ ಬದಲು ಕಾಗದ ತುಂಬಿಸಿದ್ದೀರಾ ಭಾವ?"

ಭಾವ ತಿರುಗಿ ನೋಡಿದರು.

"ಮಳೆಕೋಟು ಯಾರಿಗೆ ಕೊಡೋದಕ್ಕೆ?"

"ಯಾರಿಗೂ ಅಲ್ಲ."

"ಪ್ರಿಂಟ್ ಮಾಡಿದ್ದು ನೀವು. ಸರ್ವರಿನಲ್ಲಿ ನಿಮ್ಮ ಹೆಸರು ಕೂತಿದೆ."

"ಅಂದರೆ ಆ ಕಂಪ್ಯೂಟರಿನ ಒಳಗೆ ಕಾವಲು ಕೂರಿಸಿದ್ದೀಯ." ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. "ಒಳ್ಳೇದೇ ಆಯ್ತು. ಯಾರಿಗಾದರೂ ಹೇಳಲೇಬೇಕಿತ್ತು. ನಿನ್ನ ಅಕ್ಕನ ಕಣ್ಣು ಹೋಗ್ತಾ ಇದೆ."

"ಯಾರು ಹೇಳಿದರು?" ಎಂದಳು ಚಿಕ್ಕಿ.

ಭಾವ ಅವಳನ್ನು ಎಬ್ಬಿಸಿ ಹೊದಿಕೆ ಸರಿಸಿದರು. ಹಾಳೆಗಳನ್ನು ನೀಟಾಗಿ ಜೋಡಿಸಿ ಅಂಟಿಸಿದ ಕೋಟು ಹಾಸಿಗೆಯುದ್ದಕ್ಕೂ ಮಲಗಿತ್ತು. ಮೇಲೊಂದು ಸ್ಟೀಲ್ ಸ್ಕೇಲು, ಕೆಂಪು ಪೆನ್ಸಿಲ್. ಭಾವ ಕೆಲಸದಲ್ಲಿದ್ದಷ್ಟು ಕಾಲವೂ ನಕ್ಷೆ ಬರೆದವರು. ಹೊಲದ ಅಂಚು, ರಸ್ತೆಯ ತಿರುವು ಅವರ ಕೈಯಲ್ಲಿ ಒಂದು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಎಡತೋಳಿನ ತುದಿಯಲ್ಲಿ ಎರಡು ಬೆರಳಿನಷ್ಟು ಭಾಗಕ್ಕೆ ಕೆಂಪು ಗೆರೆ ಬಿದ್ದಿತ್ತು. ಬೆನ್ನಿನ ಜೇಬನ್ನು ಸುತ್ತುಹಾಕಿ, ಮುಂಭಾಗಕ್ಕೆ ಬಾಣ ಎಳೆದಿದ್ದರು.

ನಿನ್ನೆ ತಮ್ಮದೇನನ್ನೋ ಹುಡುಕುವಾಗ ಈ ಕಡತ ಕಣ್ಣಿಗೆ ಬಿತ್ತು ಎಂದರು ಅವರು. ತೆರೆದು ನೋಡಿದರೆ ತೋಳೂ ತಪ್ಪು, ಜೇಬೂ ತಪ್ಪು. ಇಷ್ಟು ವರ್ಷದಲ್ಲಿ ಹೆಂಡತಿಯ ಒಂದು ಗೆರೆ ತಪ್ಪಿದ್ದನ್ನು ಅವರು ಕಂಡವರಲ್ಲ. ಕಂಪನಿಯವರ ಮುಂದೆ ಅವಳಿಗೆ ತಲೆ ತಗ್ಗಿಸುವಂತಾಗಬಾರದು. ಅದಕ್ಕೇ ಅಳತೆ ಮಾಡಿ, ತಿದ್ದಿ, ಅವಳಿಗೆ ತಿಳಿಯದಂತೆ ಕಡತವನ್ನು ಸರಿಮಾಡಿ ಇಡೋಣವೆಂದುಕೊಂಡಿದ್ದರು. ಕಣ್ಣಿನ ಒಳ್ಳೆಯ ವೈದ್ಯರು ಯಾರೆಂದು ಡಾಕ್ಟರಮ್ಮನನ್ನು ಕೇಳಿಯೂ ಆಗಿತ್ತು.

"ಅವಳಿಗೆ ಹೇಗೆ ಹೇಳೋದು ಅಂತ ನೀನೇ ಒಂದು ದಾರಿ ಹೇಳು," ಎಂದರು. "ಗೆರೆ ಎಳೆಯೋದು ನಿಂತರೆ ಅವಳು ಬದುಕೋದು ಹೇಗೆ?"

ಚಿಕ್ಕಿ ಭಾವನ ಕೈ ಹಿಡಿದು ಕೂರಿಸಿ, ಗಾಳ, ಎರೆಹುಳು, ಸುಳ್ಳು ಕೋಟು ಎಲ್ಲವನ್ನೂ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಭಾವನ ಮುಖ ಮೊದಲು ಕೆಂಪಾಯಿತು, ಆಮೇಲೆ ಅರಳಿತು. ಹೆಂಡತಿಯ ಕಣ್ಣಿಗೆ ಏನೂ ಆಗಿಲ್ಲ ಎಂಬುದೊಂದೇ ಅವರಿಗೆ ಸಾಕಾಗಿತ್ತು. ತಮ್ಮನ್ನು ಕಳ್ಳನೆಂದುಕೊಂಡದ್ದು ಅವರ ಲೆಕ್ಕಕ್ಕೇ ಬರಲಿಲ್ಲ. ಹಳೆಯ ಎರಡು ಪ್ಯಾಟರ್ನುಗಳ ಮಾತು ಕೇಳಿದ್ದಕ್ಕೆ, ಅವು ಗಾಜಿನಂಗಡಿಗೆ ಹೋದ ಮೇಲೇ ತಾವು ನೋಡಿದ್ದು ಎಂದರು. ಚಿಕ್ಕಿ ನಂಬಿದಳು. ಹೆಂಡತಿಯ ಗೆರೆಗಾಗಿ ಇಷ್ಟು ಕಂಗಾಲಾದವರು ಅದೇ ಗೆರೆಯನ್ನು ಮಾರುವುದುಂಟೇ?

ಅಂದರೆ ತನಿಖೆ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತ್ತು. ಆದರೂ ಚಿಕ್ಕಿಯ ಮನಸ್ಸು ಹಗುರವಾಗಿತ್ತು.

"ಆ ಬೀಗ ತೆಗೆಸು," ಎಂದರು ಭಾವ ಬಾಗಿಲ ಬಳಿ. "ಅದನ್ನ ನೋಡಿದಾಗಲೆಲ್ಲ ಆ ಹುಡುಗಿ ದಾರಿ ಬದಲಾಯಿಸ್ತಾಳೆ."

ಇಬ್ಬರೂ ಹಜಾರಕ್ಕೆ ಬಂದಾಗ ಸೊಸೆ ತನ್ನ ಹಾಳೆಗಳನ್ನು ಎತ್ತಿಕೊಳ್ಳುತ್ತಿದ್ದಳು. ಅಕ್ಕನೂ ಅದೇ ಹೊತ್ತಿಗೆ ದಾರದ ಚೀಲ ಹಿಡಿದು ಒಳಗೆ ಬಂದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಚಿಕ್ಕಿ ಎಲ್ಲರೆದುರಿಗೇ ಎಲ್ಲ ಹೇಳಿದಳು. ಸರ್ವರ್ ನಕಲು ಇಟ್ಟುಕೊಳ್ಳುತ್ತಿದ್ದದ್ದನ್ನೂ ಹೇಳಿ, ಸೊಸೆಯ ಕ್ಷಮೆ ಕೇಳಿದಳು. ಗಂಡ ತನ್ನ ಕಣ್ಣಿಗೆ ವೈದ್ಯರನ್ನು ಗೊತ್ತುಮಾಡಿದ್ದ ಸಂಗತಿ ಕೇಳಿ ಅಕ್ಕ ನಕ್ಕೂ ನಕ್ಕೂ ಚೀಲದ ಸಮೇತ ನೆಲದ ಮೇಲೆ ಕೂತುಬಿಟ್ಟಳು. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಸೊಸೆ ನಗದೆ ನಿಂತಿದ್ದಳು.

"ಕದ್ದವರಿಗೆ ಬೀಗ ಹಾಕಿದರೆ ಅದು ಬರೀ ಬೀಗ, ಅತ್ತೆ," ಎಂದಳು ಸೊಸೆ ಮೆಲ್ಲಗೆ. "ಕದಿಯದವರಿಗೆ ಹಾಕಿದರೆ ಅದು ದಿನಾ ಆಡೋ ಚುಚ್ಚುಮಾತು."

ಅಕ್ಕನ ನಗು ನಿಂತಿತು. ಎದ್ದಳು. ಹೋಗಿ ಹೊಲಿಗೆ ಕೋಣೆಯ ಬೀಗ ತೆಗೆದು ತಂದು, ಕೀಲಿಯ ಸಮೇತ ಸೊಸೆಯ ಕೈಯಲ್ಲಿಟ್ಟಳು. ತನ್ನದು ತಪ್ಪಾಯಿತು ಎಂದಳು. ಇದನ್ನು ನಿನ್ನ ಪೆಟ್ಟಿಗೆಗಾದರೂ ಹಾಕಿಕೋ, ಹಳೇ ಕಬ್ಬಿಣಕ್ಕಾದರೂ ಹಾಕು ಎಂದಳು. ಸೊಸೆ ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿ, ಇಷ್ಟು ತೂಕದ್ದು ಕಿಟಕಿ ಬಡಿದುಕೊಳ್ಳದಂತೆ ಒತ್ತಿಡಲು ಆಗುತ್ತದೆ ಎಂದಾಗ ನಾಲ್ವರೂ ನಕ್ಕರು. ಸೊಸೆಯೇ ಕಾಫಿಗೆ ನೀರಿಡಲು ಹೊರಟಳು.

ಆಗ ಪ್ರಿಂಟರ್ ಕರಕರ ಎಂದಿತು.

ಒಂದು ಹಾಳೆ ಬಂತು. ಇನ್ನೊಂದು. ಇನ್ನೂ ಒಂದು. ಯಾರೂ ಅದರ ಬಳಿ ಇರಲಿಲ್ಲ. ಮಹಡಿಯ ಡಾಕ್ಟರಮ್ಮ ಇರಬೇಕು ಎಂದರು ಭಾವ. ಅದೇ ಕ್ಷಣ ಡಾಕ್ಟರಮ್ಮ ಹೆಲ್ಮೆಟ್ ಕೈಯಲ್ಲಿ ಹಿಡಿದು ಗೇಟು ತಳ್ಳಿಕೊಂಡು ಬಂದಳು. ಎಲ್ಲರೂ ಪ್ರಿಂಟರಿನತ್ತ ನೋಡುತ್ತಿದ್ದದ್ದನ್ನು ಕಂಡು ತಾನೂ ಹೊಸಿಲಲ್ಲೇ ನಿಂತಳು.

ಮನೆಯವರೆಲ್ಲ ಅಲ್ಲೇ ಇದ್ದರು. ಹಾಳೆಗಳು ಬರುತ್ತಲೇ ಇದ್ದವು.

ಸೊಸೆ ಮಂಡಿಯೂರಿ ಅವನ್ನು ನೆಲದ ಮೇಲೆ ಜೋಡಿಸುತ್ತ ಹೋದಳು. ಭಾವ ಅಂಚಿಗೆ ಅಂಚು ಕೂಡಿಸಿದರು. ಕತ್ತು ಬಂತು, ಬೆನ್ನು ಬಂತು, ತೋಳುಗಳು ಬಂದವು; ಎರಡೂ ಸರಿಸಮ. ಆಮೇಲೆ ಒಂದು ವಿಚಿತ್ರವಾದ ತಲೆಮುಸುಕು ಬಂತು. ಅದರ ಅಂಚಿನಲ್ಲಿ ಒಂದು ಪದರ, ಪದರದೊಳಗೆ ಹಿಡಿಕೆ. ಕೋಟನ್ನು ಮಡಚಿ ಮುಸುಕಿನೊಳಗೆ ತುಂಬಿದರೆ ಅದೇ ಮಗುವಿನ ಹೆಗಲಚೀಲ ಆಗುತ್ತಿತ್ತು. ಬಟ್ಟೆಯ ಎಳೆ ಯಾವ ಕಡೆಗೆ ಎಂದು ತೋರಿಸುವ ಗೆರೆಯ ತುದಿಯಲ್ಲಿ ಒಂದು ಪುಟ್ಟ ಎಲೆ. ಬಾಣದ ಬದಲು ಎಲೆ ಬಿಡಿಸುವುದು ಅಕ್ಕನ ಅಭ್ಯಾಸ.

"ಚೆನ್ನಾಗಿದೆ," ಎಂದರು ಭಾವ ಮೆಚ್ಚಿ. "ಇದು ನಿಜವಾದ ಕೋಟು ತಾನೆ?"

ಅಕ್ಕ ನೆಲಕ್ಕೆ ಕೂತು ಆ ಎಲೆಯ ಮೇಲೆ ಬೆರಳಿಟ್ಟಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಸೊಸೆ ಎದ್ದು ಹೋಗಿ ಸರ್ವರಿನ ಪರದೆಯ ಮೇಲೆ ಬಗ್ಗಿದಳು. ಕಳಿಸಿದವರ ಹೆಸರು ಓದಿದಳು. ಮತ್ತೊಮ್ಮೆ ಓದಿದಳು. ಹಿಂತಿರುಗಿ ನೋಡಿ, "ಇಲ್ಲಿ ಚಿಕ್ಕಿ ಅಂತ ಇದೆ," ಎಂದಳು.

ಚಿಕ್ಕಿಯ ಲ್ಯಾಪ್‌ಟಾಪ್ ಸೋಫಾದ ಮೇಲೆ, ಅವಳ ಚೀಲದಲ್ಲಿತ್ತು. ಹೊರಗೆ ತೆಗೆದಳು. ಆರಿಸಿಟ್ಟ ಯಂತ್ರ, ಮುಟ್ಟಿದರೆ ತಣ್ಣಗಿತ್ತು. ತನ್ನ ಪಾಸ್‌ವರ್ಡ್ ಬಲ್ಲವರು ಯಾರೋ, ಇದೇ ವೈಫೈ ಎಟಕುವಷ್ಟು ಹತ್ತಿರದಲ್ಲಿ ಎಲ್ಲೋ ಕೂತು ಕಳಿಸುತ್ತಿದ್ದಾರೆ. ಅವಳ ತಲೆ ಗೋದಾಮಿನ ಬೂದಿ ಕೆದಕುವಾಗಿನಂತೆ ಚುರುಕಾಯಿತು. ಅಕ್ಕನ ಪಕ್ಕ ಬಂದು ಕೂತಳು.

"ಈ ಕೋಟಿನ ಕಡತ ಎಲ್ಲಿಟ್ಟಿದ್ದೆ?"

"ಎಲ್ಲೂ ಇಟ್ಟಿಲ್ಲ. ನಾನಿದನ್ನ ಇನ್ನೂ ಬರೆದೇ ಇಲ್ಲ," ಎಂದಳು ಅಕ್ಕ. "ಪೆನ್ಸಿಲ್ ಕೂಡ ಮುಟ್ಟಿಲ್ಲ. ತಲೆಯಲ್ಲಿ ಮಾತ್ರ ಇತ್ತು."

"ಯಾರ ಹತ್ತಿರವಾದರೂ ಬಾಯಿಬಿಟ್ಟಿದ್ದೆಯಾ?"

"ಒಬ್ಬರ ಹತ್ತಿರ."

"ಯಾರು?"

ಅಕ್ಕ ನೆಲದ ಮೇಲಿನ ಕೋಟಿನಿಂದ ಕಣ್ಣು ಕಿತ್ತು ತಂಗಿಯ ಮುಖ ನೋಡಿದಳು.

"ಅದನ್ನ ನೀನೇ ಕೇಳ್ತಿದ್ದೀಯಲ್ಲೇ," ಎಂದಳು. "ಹೋದ ವಾರ ಬಸ್ಸಿನಲ್ಲಿ ಬರುವಾಗ ನಿನಗೆ ಹೇಳಿದೆ, ನೀನು ತೂಕಡಿಸುತ್ತಲೇ ಹೂಂಗುಟ್ಟಿದೆ. ನಿನಗೊಬ್ಬಳಿಗೇ."